‘ಏನಾಗಲ್ಲ ಬಿಡ್ರಿ’ ಎನ್ನುವ ಮುನ್ನ

ಬೀದರ್ ಜಿಲ್ಲೆಯ ಹೊಲಗಳಲ್ಲಿ ಇನ್ನು ಕೆಲವೇ ದಿನಗಳಲ್ಲಿ ಸೋಯಾ ಕೊಯ್ಲು ಶುರುವಾಗುತ್ತದೆ. ಹೆಸರು, ಉದ್ದು ಮನೆ ಸೇರಿವೆ. ಭಾಲ್ಕಿ ಕಡೆ ಕಾರಂಜಾ ಜಲಾಶಯದ ನೀರುಂಡ ಕಬ್ಬು ಆಳೆತ್ತರ ಬೆಳೆದಿದೆ, ಔರಾದ್ ಕಡೆ ತೊಗರಿ ಹಬ್ಬಿ ನಿಂತಿದೆ. ಮಳೆ ಪೂರ್ತಿ ಹೋಗಿಲ್ಲ. ಕೈಯಲ್ಲಿ ಕುಡುಗೋಲು, ಕಾಲಡಿ ಹಸಿ ಮಣ್ಣು. ಸಣ್ಣ ಗಾಯಗಳ ಸುಗ್ಗಿಯೂ ಇದೇ. ರಾಶಿ ಮುಗಿದ ಮೇಲೆ ಮರುಗಿ ಫಲವಿಲ್ಲ. ಎಚ್ಚರದ ಮಾತನ್ನು ಈಗಲೇ ಆಡಬೇಕು.

ಸೋಯಾ ಕೊಯ್ದ ಹೊಲದಲ್ಲಿ ಒಮ್ಮೆ ನಡೆದವರಿಗೆ ಗೊತ್ತು. ಓರೆಯಾಗಿ ಕತ್ತರಿಸಿ ಉಳಿದ ಬುಡ ಒಣಗಿದರೆ ಮೊಳೆಯಷ್ಟು ಚೂಪು. ಸವೆದ ಹವಾಯಿ ಚಪ್ಪಲಿಯನ್ನು ತೂರಿ ಅಂಗಾಲಿಗೆ ನಾಟುತ್ತದೆ. ಹೆಣ್ಣುಮಗಳು ಅದನ್ನು ಕಿತ್ತು ಒಗೆದು, ಚಿಟಿಕೆ ಅರಿಶಿನ ಒತ್ತಿ, ಹಳೆ ಸೀರೆಯ ಚಿಂದಿ ಕಟ್ಟಿ ಮತ್ತೆ ಸಾಲು ಹಿಡಿಯುತ್ತಾಳೆ. ಪಕ್ಕದವರು ಕೇಳಿದರೆ ‘ಏನಾಗಲ್ಲ ಬಿಡ್ರಿ’ ಎನ್ನುತ್ತಾಳೆ. ಆ ಮಾತಿನ ಹಿಂದೆ ಒಂದು ದಿನದ ಕೂಲಿಯ ಲೆಕ್ಕವಿದೆ.

ಹೀಗೆ ಆಳಕ್ಕಿಳಿದು ಬಾಯಿ ಮುಚ್ಚಿಕೊಳ್ಳುವ ಗಾಯವೇ ಧನುರ್ವಾಯುವಿಗೆ ಬೇಕಾದ ಜಾಗ. ಅದರ ರೋಗಾಣು ಮಣ್ಣಿನಲ್ಲಿ, ದನದ ಹೆಂಡಿಯಲ್ಲಿ ಇರುತ್ತದೆ, ಗಾಳಿಯಾಡದ ಕಡೆ ಬೆಳೆಯುತ್ತದೆ. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ದವಡೆ ಬಿಗಿಯುತ್ತದೆ, ನುಂಗಲು ಕಷ್ಟವಾಗುತ್ತದೆ. ಅಷ್ಟೊತ್ತಿಗೆ ಗಾಯ ಮೇಲೆ ಮಾಯ್ದಿರುತ್ತದೆ, ನೆನಪಿನಿಂದಲೂ ಹೋಗಿರುತ್ತದೆ.

ಬಾಣಂತಿಯರು ಮತ್ತು ಹಸುಗೂಸುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಾರಿತು. ಅದು ದೊಡ್ಡ ಗೆಲುವು. ಆದರೆ ಹೊಲದಲ್ಲಿ ಬೆವರು ಸುರಿಸುವವರು ಈಗ ಯಾರು? ಹರೆಯದವರು ಕೆಲಸ ಹುಡುಕಿ ಹೈದರಾಬಾದ್, ಪುಣೆ ಸೇರಿದ ಮನೆಗಳಲ್ಲಿ ಉಳಿದವರು ಐವತ್ತು ದಾಟಿದವರು. ದೇಶದಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ ಶುರುವಾದದ್ದೇ 1978ರಲ್ಲಿ. ಅದು ಸಾರ್ವತ್ರಿಕ ಕಾರ್ಯಕ್ರಮವಾದದ್ದು 1985ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ರೈತನಿಗೆ ಬಾಲ್ಯದ ಲಸಿಕೆ ಸಿಕ್ಕಿರುವ ಸಂಭವ ಕಡಿಮೆ. ಹೆಂಗಸರಿಗೆ ಬಸಿರಿನಲ್ಲಾದರೂ ಟಿ.ಟಿ. ಚುಚ್ಚುತ್ತಿದ್ದರು, ಗಂಡಸರಿಗೆ ಅದೂ ಇಲ್ಲ. ಇಂಥವರು ಗಾಯವಾದ ದಿನವೇ ಸಾಬೂನು ನೀರಲ್ಲಿ ತೊಳೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು, ‘ಲಸಿಕೆ ಎಂದೂ ಹಾಕಿಸಿಕೊಂಡಿಲ್ಲ’ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಸಕ್ಕರೆ ಕಾಯಿಲೆ ಇದ್ದವರು ನೋವಿಗಾಗಿ ಕಾಯುವಂತೆಯೇ ಇಲ್ಲ. ಪಾದದ ಸಂವೇದನೆ ಕುಂದಿದ್ದರೆ ಕೀವಾಗುವವರೆಗೂ ಗಾಯ ಗೊತ್ತಾಗುವುದಿಲ್ಲ.

ಎರಡನೆಯ ಅಪಾಯ ಹಾವು. ನಮ್ಮ ಕಡೆ ಅದರ ಹೆಸರೆತ್ತದೆ ‘ಹುಳ ಮುಟ್ಟ್ಯಾದ’ ಎನ್ನುತ್ತಾರೆ. ಕೊಯ್ದು ಒಟ್ಟಿದ ಬಣವೆಯ ಅಡಿಯಲ್ಲಿ ಕೊಳಕುಮಂಡಲ ಇರಬಹುದು. ಬಣವೆ ಕಾಯಲು ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದರೆ ನೋವೂ ಆಗದಿರಬಹುದು, ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆ ಹಿಂಡಿ, ರೆಪ್ಪೆ ಜೋತುಬಿದ್ದು, ಮಾತು ತೊದಲಿದರೆ ‘ಉಂಡದ್ದು ಆಗಿಬಂದಿಲ್ಲ’ ಎಂದು ಕೂರಬೇಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಕಚ್ಚಿದ ಕೈ ಅಥವಾ ಕಾಲನ್ನು ಮುರಿದ ಎಲುಬಿನಂತೆ ಅಲುಗಾಡದ ಹಾಗೆ ಇರಿಸಿ, 108ಕ್ಕೆ ಕರೆ ಮಾಡಿ. ಭಾಲ್ಕಿ, ಔರಾದ್ ಎರಡರಿಂದಲೂ ಬೀದರ್ ನಗರದ ಬ್ರಿಮ್ಸ್ ಆಸ್ಪತ್ರೆಗೆ ಸುಮಾರು 40 ಕಿ.ಮೀ. ದಾರಿ. ಮಂತ್ರ ಹಾಕಿಸಲು ಕಳೆದ ಒಂದು ತಾಸು ಆ ದಾರಿಯಲ್ಲಿ ಮರಳಿ ಸಿಗುವುದಿಲ್ಲ.

ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ವರದಿ ಆಗುವುದು ರೋಗಿ ಆಸ್ಪತ್ರೆ ಮುಟ್ಟಿದ ಮೇಲೆ. ಸಿದ್ಧತೆ ಅದಕ್ಕೂ ಮೊದಲೇ ಆಗಬೇಕು. ಆದ್ದರಿಂದ ಆಡಳಿತಕ್ಕೆ ಮೂರು ಬೇಡಿಕೆ. ಕೊಯ್ಲಿಗೆ ಮೊದಲೇ ಪಂಚಾಯಿತಿ ಕಟ್ಟೆಯಲ್ಲಿ ದೊಡ್ಡವರಿಗೆ ಧನುರ್ವಾಯು ಲಸಿಕೆ ಶಿಬಿರ ನಡೆಯಲಿ. ಹಾವಿನ ವಿಷದ ಔಷಧ ಇಂದು ಎಷ್ಟಿದೆ ಎಂಬ ಫಲಕ ತಾಲ್ಲೂಕು ಆಸ್ಪತ್ರೆಗಳ ಬಾಗಿಲಲ್ಲೇ ಇರಲಿ. ಮೂರನೆಯದು ಒಕ್ಕಣೆ ಯಂತ್ರ. ಅದರ ಸುರಕ್ಷತೆಗೆಂದೇ 1983ರ ಕೇಂದ್ರ ಕಾಯ್ದೆ ಇದೆ. ರಾಶಿ ಮಷಿನ್‌ಗಳ ಬಾಯಿಗೆ, ಬೆಲ್ಟಿಗೆ ಕವಚ ಇದೆಯೇ ಎಂದು ಹೊಲಕ್ಕಿಳಿಯುವ ಮೊದಲೇ ತಪಾಸಣೆಯಾಗಲಿ.

ಆದರೆ ಹೊಲದ ನಡುವೆ ಮೊದಲು ಕಾಣುವುದು ಸರ್ಕಾರವಲ್ಲ, ಬಾಜು ಹೊಲದವರು. ಗಾಯವಾದವರು ತಾವಾಗಿ ಹೇಳುವುದಿಲ್ಲ. ಕಾಕಾ ಯಾಕೆ ಕುಂಟುತ್ತಿದ್ದಾರೆ, ಕಾಕಿ ಎಡಗೈಯಲ್ಲಿ ಯಾಕೆ ಬುತ್ತಿ ಬಿಚ್ಚುತ್ತಿದ್ದಾರೆ ಎಂದು ನೋಡಿ ಕೇಳುವವರು ಬೇಕು. ಒಂಟಿಯಾಗಿರುವ ಮುದುಕರ ಮನೆಗೆ ಸಂಜೆ ಒಮ್ಮೆ ಹಣಕಿ ಹಾಕುವವರು ಬೇಕು. ಇದು ನಮಗೆ ಹೊಸದೇನೂ ಅಲ್ಲ. ಎಳ್ಳ ಅಮಾವಾಸ್ಯೆಗೆ ತಮ್ಮ ಹೊಲದ ಭಜ್ಜಿ, ಸಜ್ಜೆ ರೊಟ್ಟಿಯನ್ನು ಮತ್ತೊಬ್ಬರನ್ನು ಕರೆದು ಉಣ್ಣಿಸುವ ಸೀಮೆ ಇದು. ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು ತೀರಿಸುವ ಮುಯ್ಯಾಳು ಪದ್ಧತಿ ಹಿರಿಯರು ಕೊಟ್ಟು ಹೋದದ್ದು.

ಆ ಮುಯ್ಯಿ ಈ ಸುಗ್ಗಿಯಲ್ಲಿ ಗಾಯಕ್ಕೂ ಸಲ್ಲಲಿ. ಯಾರಿಗೆ ಕುಡುಗೋಲು ತಾಗಿತೋ, ಯಾರ ಕಾಲಿಗೆ ಬುಡ ನಾಟಿತೋ ಅವರ ಸಾಲನ್ನು ಉಳಿದವರು ಹಂಚಿಕೊಂಡು ಕೊಯ್ಯಿರಿ. ಹೊಲದ ಯಜಮಾನರು ಆ ದಿನದ ಕೂಲಿ ಹಿಡಿಯಬೇಡಿ. ‘ಏನಾಗಲ್ಲ ಬಿಡ್ರಿ’ ಎಂದರೂ ಬಿಡಬೇಡಿ. ಬೈಕ್ ಹತ್ತಿಸಿಕೊಂಡು ಅಂದೇ ದವಾಖಾನೆಗೆ ಕರೆದೊಯ್ಯಿರಿ.