ಮುಚ್ಚಳ ಬಿಗಿಯುವ ಮುನ್ನ ಒಂದು ಲೆಕ್ಕ

ಹತ್ತನೇ ತರಗತಿಯ ಹುಡುಗನೊಬ್ಬ ಮೊನ್ನೆ ಪಾಠ ಮುಗಿದ ಮೇಲೆ ನನ್ನ ಹಿಂದೆಯೇ ಬಂದ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಡಬ್ಬಿಯ ಚಿತ್ರ ಬರೆದಿದ್ದ. ಮೇಲೂ ಕೆಳಗೂ ಪೂರಿಯಂತೆ ಉಬ್ಬಿದ ಡಬ್ಬಿ.

"ಸರ್, ಅಮೆರಿಕದಲ್ಲಿರೋ ನಮ್ಮ ಮಾವ ಫೋಟೊ ಕಳಿಸಿದ್ದರು, ಅದನ್ನು ನೋಡಿ ಬರೆದೆ. ಅವರು ಮನೇಲೇ ಬಿಯರ್ ಮಾಡ್ತಾರೆ. ಅದನ್ನ ನಲ್ಲಿಯಿಂದ ಬಿಡೋ ಯಂತ್ರ ತಂದಿದ್ದಾರೆ. ಒಂದು ಡಬ್ಬಿ ಹೀಗೆ ಊದಿಕೊಂಡಿದೆ, ಇನ್ನೊಂದರಲ್ಲಿ ಬರೀ ನೊರೆ ಬರುತ್ತಂತೆ. ಯಾಕೆ ಸರ್?"

ಬಿಯರ್ ಎಂಬ ಹೆಸರು ಕೇಳಿ ಪಾಲಕರು ಹುಬ್ಬು ಗಂಟಿಕ್ಕುವುದು ಬೇಡ. ಮನೆ ಬಳಕೆಗೆಂದು ವಯಸ್ಕರು ಬಿಯರ್ ತಯಾರಿಸಿಕೊಳ್ಳಲು ಅಮೆರಿಕದಲ್ಲಿ 1978ರ ಕಾಯಿದೆ ಅವಕಾಶ ಕೊಟ್ಟಿತು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತಯಾರಿಸುವುದು ಅಪರಾಧ. ನಮಗೆ ಬೇಕಾದದ್ದು ಆ ಉಬ್ಬಿದ ಡಬ್ಬಿಯ ವಿಜ್ಞಾನ ಮಾತ್ರ. ಅದು ನಮ್ಮ ಅಡುಗೆಮನೆಗೂ ಸಂಬಂಧಪಟ್ಟದ್ದು.

ಮೊದಲು ಆ ಯಂತ್ರವನ್ನು ನೋಡೋಣ. ಅದೊಂದು ಪುಟ್ಟ ಫ್ರಿಜ್. ಒಳಗೆ 5 ಲೀಟರಿನ ತೆಳು ಲೋಹದ ಡಬ್ಬಿ. ಜೊತೆಗೆ 16 ಗ್ರಾಂ ಇಂಗಾಲದ ಡೈ ಆಕ್ಸೈಡ್ ತುಂಬಿದ ಹೆಬ್ಬೆರಳು ಗಾತ್ರದ ಉಕ್ಕಿನ ಗುಂಡು. ಅದರ ಒತ್ತಡವನ್ನು ತಗ್ಗಿಸಲು, ನಮ್ಮ ಅಡುಗೆ ಅನಿಲದ ಸಿಲಿಂಡರಿಗೆ ಇರುವಂತೆ, ಒಂದು ರೆಗ್ಯುಲೇಟರ್. ಕಾರ್ಖಾನೆಯ ಬಿಯರಿನಲ್ಲಿ ಅನಿಲ ಮೊದಲೇ ಕರಗಿರುತ್ತದೆ. ಸಾಮಾನ್ಯವಾಗಿ ಅದನ್ನು ಸೋಸಿ, ಕಾಯಿಸಿ, ಯೀಸ್ಟನ್ನು ಇಲ್ಲವಾಗಿಸಿರುತ್ತಾರೆ. ಯಂತ್ರ ಅದನ್ನು ತಣ್ಣಗಿಟ್ಟು ಹೊರಕ್ಕೆ ತಳ್ಳಿದರೆ ಸಾಕು.

ಮನೆಯ ಬಿಯರ್ ಹಾಗಲ್ಲ, ಅದರಲ್ಲಿ ಯೀಸ್ಟ್ ಜೀವಂತವಾಗಿದೆ. ಸಕ್ಕರೆ ಉಳಿದಿರುವವರೆಗೂ ಅದು ಕೆಲಸ ನಿಲ್ಲಿಸುವುದಿಲ್ಲ. ಹೀಗಾಗಿ ಡಬ್ಬಿಯೊಳಗಿನ ಒತ್ತಡವನ್ನು ತೀರ್ಮಾನಿಸುವುದು ಯಂತ್ರವಲ್ಲ, ಉಳಿದ ಸಕ್ಕರೆ.

ಈಗ ನಮ್ಮ ಗೋಲಿ ಸೋಡಾ ನೆನಪಿಸಿಕೊಳ್ಳಿ. ಹೈರಮ್ ಕಾಡ್ ಎಂಬ ಇಂಗ್ಲಿಷ್ ತಂತ್ರಜ್ಞ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಒಳಗಿನ ಅನಿಲವೇ ಗೋಲಿಯನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಗೋಲಿ ತಳ್ಳಿದೊಡನೆ ಒತ್ತಡ ಇಳಿಯುತ್ತದೆ, ಕರಗಿದ್ದ ಅನಿಲ ಗುಳ್ಳೆಯಾಗಿ ಏಳುತ್ತದೆ. ಒತ್ತಡ ಹೆಚ್ಚಿದಷ್ಟೂ ಹೆಚ್ಚು ಅನಿಲ ಕರಗುತ್ತದೆ ಎಂಬ ನಿಯಮವನ್ನು ವಿಲಿಯಂ ಹೆನ್ರಿ 1803ರಲ್ಲಿ ಹೇಳಿದ. ಇದಕ್ಕೆ ಉಷ್ಣತೆಯನ್ನೂ ಸೇರಿಸಬೇಕು. 0 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿಕೊಂಡರೆ, 20 ಡಿಗ್ರಿಯಲ್ಲಿ ಅದರ ಅರ್ಧದಷ್ಟನ್ನು ಮಾತ್ರ.

ಬಿಯರಿಗೆ ಲೀಟರಿಗೆ ಸುಮಾರು ಎರಡೂವರೆ ಲೀಟರ್ ಅನಿಲ ಬೇಕು. ನೀರಿನ ಲೆಕ್ಕವನ್ನೇ ಹಿಡಿದರೆ, ಇಷ್ಟನ್ನು ಕರಗಿಸಿಡಲು 4 ಡಿಗ್ರಿಯಲ್ಲಿ ಹೊರಗಿನ ಗಾಳಿಯ 1.7 ಪಟ್ಟು ಒತ್ತಡ ಸಾಕು. 25 ಡಿಗ್ರಿಯಲ್ಲಾದರೆ 3.3 ಪಟ್ಟು ಬೇಕು.

ಇಷ್ಟು ಅನಿಲ ಎಲ್ಲಿಂದ ಬರಬೇಕು? 16 ಗ್ರಾಂ ಗುಂಡಿನಿಂದ ಸಿಗುವುದು ಸುಮಾರು 8 ಲೀಟರ್. ಬಿಯರನ್ನು ಹೊರಕ್ಕೆ ತಳ್ಳುವುದಕ್ಕೇ ಅದು ಖರ್ಚಾಗಿಬಿಡುತ್ತದೆ. ಆದ್ದರಿಂದ ಮನೆಯಲ್ಲಿ ತಯಾರಿಸುವವರು ಡಬ್ಬಿಗೆ ಚೂರು ಸಕ್ಕರೆ ಹಾಕಿ, ಅನಿಲ ತಯಾರಿಸುವ ಕೆಲಸವನ್ನು ಯೀಸ್ಟಿಗೇ ಬಿಡುತ್ತಾರೆ. ಆ ಚೂರು ಎಷ್ಟು ಎಂಬುದೇ ಪ್ರಶ್ನೆ.

ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. 342 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ 176 ಗ್ರಾಂ ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ಅಂದರೆ ಒಂದು ಗ್ರಾಂ ಸಕ್ಕರೆಗೆ ಕಾಲು ಲೀಟರಿಗೂ ತುಸು ಹೆಚ್ಚು ಅನಿಲ. 5 ಲೀಟರ್ ಬಿಯರಿಗೆ ಬೇಕಾದದ್ದು ಹನ್ನೆರಡೂವರೆ ಲೀಟರ್. ಹುದುಗುವಾಗಲೇ ಅದರಲ್ಲಿ ಸುಮಾರು 4 ಲೀಟರ್ ಉಳಿದಿರುತ್ತದೆ. ಬಾಕಿ 8 ಲೀಟರಿಗೆ 30 ಗ್ರಾಂ ಸಕ್ಕರೆ ಸಾಕು.

ಮಾವನವರು ಆತುರಪಟ್ಟು, ಹುದುಗುವುದು ಮುಗಿಯುವ ಮೊದಲೇ ಮುಚ್ಚಿದ್ದಾರೆಂದು ಭಾವಿಸೋಣ. ಲೀಟರಿಗೆ 20 ಗ್ರಾಂ ಸಕ್ಕರೆ ಉಳಿದಿದ್ದರೆ ಒಟ್ಟು 100 ಗ್ರಾಂ. ಅದರಿಂದ 26 ಲೀಟರ್ ಅನಿಲ, ಮೊದಲಿನದೂ ಸೇರಿ 30 ಲೀಟರ್. 25 ಡಿಗ್ರಿಯ ಕೋಣೆಯಲ್ಲಿ ಡಬ್ಬಿಯೊಳಗೆ ಹೊರಗಿನ ಗಾಳಿಯ ಸುಮಾರು ಎಂಟು ಪಟ್ಟು ಒತ್ತಡ! ಸ್ಕೂಟರಿನ ಟಯರಿನಲ್ಲಿ ಇರುವುದು ಸುಮಾರು ಮೂರು ಪಟ್ಟು. ತೆಳು ತಗಡು ಉಬ್ಬದೆ ಏನು ಮಾಡೀತು?

ಹುದುಗುವುದು ಮುಗಿದಿದೆಯೇ ಎಂದು ತಿಳಿಯಲು ಹೈಡ್ರೋಮೀಟರ್ ಇದೆ. ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರಿನ ಸೋದರ ಅದು. ಸಕ್ಕರೆ ಕರಗುತ್ತ ಹೋದಂತೆ ಅಳತೆ ಇಳಿಯುತ್ತದೆ. ಎರಡು ಮೂರು ದಿನ ಒಂದೇ ಅಳತೆ ತೋರಿಸಿದ ಮೇಲೆಯೇ 30 ಗ್ರಾಂ ಸಕ್ಕರೆ, ಆಮೇಲೆ ಮುಚ್ಚಳ.

ಇನ್ನು ನೊರೆಯ ವಿಚಾರ. ಡಬ್ಬಿ ಪೂರ್ತಿ ತಣ್ಣಗಾಗದಿದ್ದರೆ ಅನಿಲ ದ್ರವದಲ್ಲಿ ನಿಲ್ಲುವುದಿಲ್ಲ. ಕೊಳವೆ ಗಿಡ್ಡವಾಗಿದ್ದರೆ ಒತ್ತಡ ಒಮ್ಮೆಲೇ ಕುಸಿದು ಎಲ್ಲವೂ ನೊರೆಯಾಗುತ್ತದೆ. ಅನುಭವಸ್ಥರು ಡಬ್ಬಿಯನ್ನು ಒಂದು ದಿನ ತಂಪಿನಲ್ಲಿಟ್ಟು, 5 ಮಿಲಿಮೀಟರ್ ಒಳವ್ಯಾಸದ ಎರಡು ಮೂರು ಮೀಟರ್ ಕೊಳವೆಯನ್ನು ಸುರುಳಿ ಸುತ್ತಿ ಜೋಡಿಸುತ್ತಾರೆ. ಉದ್ದಕ್ಕೂ ಆಗುವ ಘರ್ಷಣೆಯಿಂದ ಒತ್ತಡ ಮೆಲ್ಲನೆ ಇಳಿಯುತ್ತದೆ. ತಗಡಿನ ಡಬ್ಬಿಯ ಬದಲು ಸೋಡಾ ಕಂಪನಿಗಳು ಬಳಸುತ್ತಿದ್ದ 19 ಲೀಟರಿನ ಉಕ್ಕಿನ ಪೀಪಾಯಿಗಳನ್ನು ಕೊಳ್ಳುವವರೂ ಬಹಳ. ಅವು ಗಟ್ಟಿ. ಹೆಚ್ಚಿನವುಗಳ ಮುಚ್ಚಳದಲ್ಲಿ, ಪ್ರೆಷರ್ ಕುಕ್ಕರಿನಲ್ಲಿರುವಂತೆ, ಸುರಕ್ಷಾ ಕವಾಟವೂ ಉಂಟು.

"ಉಬ್ಬಿದ ಡಬ್ಬಿಯನ್ನ ತಟ್ಟಬೇಡಿ, ಅಲ್ಲಾಡಿಸಬೇಡಿ ಅಂತ ಮಾವನಿಗೆ ಇವತ್ತೇ ಹೇಳಪ್ಪ. ಹಾಗೇ ತಣ್ಣಗಾಗಲಿ. ಆಮೇಲೆ ದಪ್ಪ ಬಟ್ಟೆ ಹೊದಿಸಿ, ಮುಖ ದೂರ ಇಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಗಾಳಿ ಬಿಡಲಿ" ಎಂದೆ.

ಪಾಲಕರಿಗೂ ಒಂದು ಮಾತು. ದ್ರಾಕ್ಷಿ ರಸವೋ ಶುಂಠಿ ಪಾನಕವೋ ಹುದುಗತೊಡಗಿದ್ದರೆ ಅದನ್ನು ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಡಿ. ತಗಡು ಉಬ್ಬಿ ಎಚ್ಚರಿಸುತ್ತದೆ, ಗಾಜು ಎಚ್ಚರಿಸದೆ ಸಿಡಿಯುತ್ತದೆ. ಯೀಸ್ಟ್ ಮಾಡುವ ಅನಿಲವನ್ನು ಕಣ್ಣಾರೆ ನೋಡಬೇಕೆಂಬ ಮಕ್ಕಳು ಪ್ಲಾಸ್ಟಿಕ್ ಬಾಟಲಿಗೆ ಒಂದು ಲೋಟ ಉಗುರುಬೆಚ್ಚನೆಯ ನೀರು, ಒಂದು ಟೀ ಚಮಚ ಸಕ್ಕರೆ, ಅರ್ಧ ಚಮಚ ಬೇಕರಿ ಯೀಸ್ಟ್ ಹಾಕಿ, ಬಾಯಿಗೆ ಬಲೂನು ಸಿಕ್ಕಿಸಲಿ. ಮುಚ್ಚಳ ಮಾತ್ರ ಹಾಕಬಾರದು. ಆಮೇಲೆ ಆ ನೀರನ್ನು ಚೆಲ್ಲಿಬಿಡಿ.

ಬಲೂನು ಎಷ್ಟು ಊದೀತು ಎಂದು ಮೊದಲೇ ಲೆಕ್ಕ ಹಾಕಿ ಬರೆದಿಡಲು ಆ ಹುಡುಗನಿಗೆ ಹೇಳಿದ್ದೇನೆ. ನೀವೂ ಬರೆದಿಡಿ.