ಮೊತ್ತ ಸರಿ, ಪಾಲು ತಪ್ಪು

ಒಂದು ಬ್ಯಾಟರಿಗೆ ಸೌರಫಲಕ ಜೋಡಿಸುವುದು ಕಷ್ಟದ ಕೆಲಸವಲ್ಲ. ಧನಾಗ್ರಕ್ಕೆ ಒಂದು ತಂತಿ, ಋಣಾಗ್ರಕ್ಕೆ ಒಂದು ತಂತಿ, ನಡುವೆ ಒಂದು ನಿಯಂತ್ರಕ. ಆದರೆ ಬ್ಯಾಟರಿಗಳು ನಾಲ್ಕಿದ್ದರೆ ಆ ಎರಡು ತಂತಿಗಳನ್ನು ಎಲ್ಲಿಗೆ ಕಟ್ಟಬೇಕು? ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಸೈನ್ಯದ ಒಂದು ಟ್ರಕ್ಕು. ಹತ್ತನೆಯ ತರಗತಿಯ ವಿದ್ಯುತ್ ಪಾಠ ಓದಿದ್ದರೆ ಸಾಕು, ಇದು ಪೂರ್ತಿ ಅರ್ಥವಾಗುತ್ತದೆ.

ಟ್ರಕ್ಕಿನ ಹೆಸರು ಎಂ 1078. ಆಸ್ಟ್ರಿಯಾದ ಸ್ಟೈರ್ ಕಂಪೆನಿಯ ವಿನ್ಯಾಸವನ್ನು ಆಧರಿಸಿ ಟೆಕ್ಸಾಸ್ ರಾಜ್ಯದ ಸೀಲಿ ಎಂಬ ಊರಿನಲ್ಲಿ 1990ರ ದಶಕದಿಂದ ತಯಾರಾದದ್ದು. ಸೈನ್ಯಕ್ಕೆ ಬೇಡವಾದ ಇಂಥ ಟ್ರಕ್ಕುಗಳನ್ನು ಅಲ್ಲಿ ಹರಾಜು ಹಾಕುತ್ತಾರೆ. ಕೊಂಡ ಹವ್ಯಾಸಿಗಳು ಅದನ್ನು ವರ್ಷಕ್ಕೆ ನಾಲ್ಕಾರು ಸಲ ಓಡಿಸಿದರೆ ಹೆಚ್ಚು. ಉಳಿದ ಕಾಲ ಅದು ಅಂಗಳದಲ್ಲಿ ಬಿಸಿಲು ಕಾಯುತ್ತಾ ನಿಂತಿರುತ್ತದೆ.

ನಿಂತ ಬ್ಯಾಟರಿ ಸುಮ್ಮನೆ ಇರುವುದಿಲ್ಲ. ಒಳಗಿನ ಸೀಸ ಮತ್ತು ಗಂಧಕಾಮ್ಲಗಳ ನಡುವೆ ನಿಧಾನವಾಗಿ ಕ್ರಿಯೆ ನಡೆಯುತ್ತಲೇ ಇದ್ದು, ತುಂಬಿಟ್ಟ ವಿದ್ಯುತ್ತು ಸೋರುತ್ತದೆ. ಬಹಳ ದಿನ ಖಾಲಿಯಾಗಿಯೇ ಬಿಟ್ಟರೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ ಕೂರುತ್ತವೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಬರುವುದಿಲ್ಲ. ಹೀಗಾಗದಂತೆ ಸಣ್ಣ ಸೌರಫಲಕದಿಂದ ದಿನವೂ ಸ್ವಲ್ಪ ಸ್ವಲ್ಪ ತುಂಬಿಸುವ ಸಾಧನಕ್ಕೆ ಬ್ಯಾಟರಿ ಮೇಂಟೇನರ್ ಎನ್ನುತ್ತಾರೆ.

ಈ ಟ್ರಕ್ಕಿನಲ್ಲಿ 12 ವೋಲ್ಟಿನ ನಾಲ್ಕು ಬ್ಯಾಟರಿಗಳಿವೆ. ಎಂಜಿನ್ ಚಾಲೂ ಮಾಡಲು ಬೇಕಾದದ್ದು 24 ವೋಲ್ಟು. ನೀವು ದಿನವೂ ಹತ್ತುವ ಬಸ್ಸಿನಲ್ಲೂ ಅಷ್ಟೇ. ಕಾರಣ ಸರಳ: ವೋಲ್ಟು ಇಮ್ಮಡಿಯಾದರೆ ಅದೇ ಸಾಮರ್ಥ್ಯಕ್ಕೆ ಅರ್ಧದಷ್ಟು ಪ್ರವಾಹ ಸಾಕು. ಪ್ರವಾಹ ಅರ್ಧವಾದರೆ ತಂತಿಯಲ್ಲಿ ಹುಟ್ಟುವ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ಎರಡು ಬ್ಯಾಟರಿಗಳು ಸಮಾಂತರವಾಗಿ ಸೇರಿ ಒಂದು ಜೋಡಿ. ಅಂಥ ಎರಡು ಜೋಡಿಗಳು ಸರಣಿಯಲ್ಲಿ ಸೇರಿ 24 ವೋಲ್ಟು. ವಾಹನದ ಚೌಕಟ್ಟಿಗೆ ಸೇರಿದ್ದನ್ನು ಕೆಳಜೋಡಿ ಎನ್ನೋಣ, ಅದರ ಮೇಲಿನದು ಮೇಲ್ಜೋಡಿ.

ಹಾಗಾದರೆ 24 ವೋಲ್ಟಿನ ಮೇಂಟೇನರ್ ತಂದು, ಒಂದು ತಂತಿಯನ್ನು ಮೇಲ್ಜೋಡಿಯ ಧನಾಗ್ರಕ್ಕೂ ಇನ್ನೊಂದನ್ನು ಕೆಳಜೋಡಿಯ ಋಣಾಗ್ರಕ್ಕೂ ಕಟ್ಟಿದರೆ ಮುಗಿಯಿತಲ್ಲವೇ? ನಾಲ್ಕೂ ಬ್ಯಾಟರಿಗಳು ಒಂದೇ ವಯಸ್ಸಿನವಾಗಿದ್ದು, ಒಂದೇ ಸಮನಾಗಿ ಖರ್ಚಾಗುತ್ತಿದ್ದರೆ ಮುಗಿಯಿತು. ತೊಡಕು ಇರುವುದು ನಡುವಿನ ಬಿಂದುವಿನಲ್ಲಿ.

ಈ ಟ್ರಕ್ಕಿನಲ್ಲಿ 12 ವೋಲ್ಟಿನ ಉಪಕರಣಗಳೂ ಇವೆ. ಅವುಗಳಿಗೆ ವಿದ್ಯುತ್ತು ಹೋಗುವುದು ಎರಡು ಜೋಡಿಗಳ ನಡುವಿನಿಂದ, ಅಂದರೆ ಕೆಳಜೋಡಿಯಿಂದ ಮಾತ್ರ. ಎಂಜಿನ್ ಓಡುವಾಗ ತೊಂದರೆಯಿಲ್ಲ. ಇದರ ಆಲ್ಟರ್ನೇಟರ್ 28 ವೋಲ್ಟನ್ನೂ 14 ವೋಲ್ಟನ್ನೂ ಬೇರೆ ಬೇರೆಯಾಗಿ ಕೊಡುತ್ತದೆ. ನಿಂತಾಗ? ಕೆಳಜೋಡಿಯಿಂದ ಯಾವುದೋ ಸಾಧನ ಬರೀ 50 ಮಿಲಿಆಂಪಿಯರ್ ಎಳೆಯುತ್ತಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ 1.2 ಆಂಪಿಯರ್-ಗಂಟೆ, ನೂರು ದಿನಕ್ಕೆ 120. ಇಂಥ ಒಂದು ಬ್ಯಾಟರಿಯ ಧಾರಣಶಕ್ತಿಯೇ ಸುಮಾರು 120 ಆಂಪಿಯರ್-ಗಂಟೆ. ಕೆಳಜೋಡಿ ಅರ್ಧ ಖಾಲಿ. ಮೇಲ್ಜೋಡಿ ಹೆಚ್ಚುಕಡಿಮೆ ಇದ್ದ ಹಾಗೇ ಇದೆ.

ಈಗ 24 ವೋಲ್ಟಿನ ಮೇಂಟೇನರ್ ಏನು ಮಾಡೀತು? ಸರಣಿ ಜೋಡಣೆಯಲ್ಲಿ ಎಲ್ಲೆಡೆ ಹರಿಯುವ ಪ್ರವಾಹ ಒಂದೇ. ಹಸಿದ ಕೆಳಜೋಡಿಗೆ ಎಷ್ಟು ಹೋಗುತ್ತದೋ, ಹೊಟ್ಟೆ ತುಂಬಿದ ಮೇಲ್ಜೋಡಿಯ ಮೂಲಕವೂ ಅಷ್ಟೇ ಹೋಗಬೇಕು. ನಿಯಂತ್ರಕಕ್ಕೆ ಕಾಣುವುದು ಎರಡು ತುದಿಗಳ ಮೊತ್ತ ಮಾತ್ರ. 27.2 ವೋಲ್ಟ್ ಕಂಡರೆ, ತಲಾ 13.6, ಎಲ್ಲವೂ ಕ್ಷೇಮ ಎಂದು ಅದು ತಿಳಿಯುತ್ತದೆ. ಆದರೆ 14.4 ಮತ್ತು 12.8 ಸೇರಿದರೂ 27.2 ಅಲ್ಲವೇ? ಒಬ್ಬನಿಗೆ 95, ಇನ್ನೊಬ್ಬನಿಗೆ 25 ಅಂಕ ಬಂದಾಗ ಸರಾಸರಿ 60 ಎಂದು ಮೇಷ್ಟ್ರು ಸಮಾಧಾನಪಟ್ಟುಕೊಂಡ ಹಾಗಾಯಿತು. ಮೇಲ್ಜೋಡಿಯಲ್ಲಿ ಹೆಚ್ಚಾದ ವಿದ್ಯುತ್ತು ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ. ಕೆಳಜೋಡಿ ಅರೆಹೊಟ್ಟೆಯಲ್ಲಿ ಸಲ್ಫೇಟ್ ಕಟ್ಟಿಕೊಳ್ಳುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು.

ಪರಿಹಾರ ಕಷ್ಟದ್ದಲ್ಲ. 12 ವೋಲ್ಟಿನ ಎರಡು ಮೇಂಟೇನರ್‌ಗಳು ಬೇಕು. ಒಂದರ ಧನ ತಂತಿ 24 ವೋಲ್ಟಿನ ತುದಿಗೆ, ಋಣ ತಂತಿ ನಡುಬಿಂದುವಿಗೆ. ಇನ್ನೊಂದರ ಧನ ತಂತಿ ನಡುಬಿಂದುವಿಗೆ, ಋಣ ತಂತಿ ಕೆಳತುದಿಗೆ. ಈಗ ಪ್ರತಿ ಜೋಡಿಯೂ ತನ್ನ ಹಸಿವಿಗೆ ತಕ್ಕಷ್ಟು ಪಡೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹಣ ಉಳಿಸಲು ಎರಡೂ ನಿಯಂತ್ರಕಗಳಿಗೆ ಒಂದೇ ಸೌರಫಲಕ ಜೋಡಿಸಬಾರದು. ಹಲವು ನಿಯಂತ್ರಕಗಳಲ್ಲಿ ಫಲಕದ ಋಣ ತಂತಿಯೂ ಬ್ಯಾಟರಿಯ ಋಣ ತಂತಿಯೂ ಒಳಗೇ ಒಂದಾಗಿರುತ್ತವೆ. ಫಲಕ ಒಂದೇ ಆದರೆ ನಡುಬಿಂದುವೂ ಕೆಳತುದಿಯೂ ಆ ದಾರಿಯಲ್ಲಿ ಕೂಡಿಬಿಡುತ್ತವೆ. ಅಂದರೆ ಕೆಳಜೋಡಿ ನೇರವಾಗಿ ಶಾರ್ಟ್ ಆಯಿತು! ತಂತಿ ಕೆಂಪಗೆ ಕಾಯಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಎರಡು ನಿಯಂತ್ರಕ, ಎರಡು ಫಲಕ. ಬ್ಯಾಟರಿಯಿಂದ ಹೊರಡುವ ಪ್ರತಿ ಧನ ತಂತಿಗೂ, ನಡುಬಿಂದುವಿನ ತಂತಿಗಳಿಗೂ, ತುದಿಯ ಹತ್ತಿರವೇ ಒಂದೊಂದು ಫ್ಯೂಸ್ ಇರಬೇಕು. ನಿಯಂತ್ರಕವಿಲ್ಲದೆ ಫಲಕವನ್ನು ನೇರವಾಗಿ ಕಟ್ಟುವುದೂ ತಪ್ಪು. 12 ವೋಲ್ಟಿನದೆಂದು ಮಾರುವ ಫಲಕ ಏನೂ ಜೋಡಿಸದಿದ್ದಾಗ ಬಿಸಿಲಿನಲ್ಲಿ 20 ವೋಲ್ಟಿಗೂ ಹೆಚ್ಚು ತೋರಿಸುತ್ತದೆ.

ಪೋಷಕರಿಗೆ ಒಂದು ಮಾತು. ಸೈನ್ಯದ ಟ್ರಕ್ಕು ನಮಗೇಕೆ ಎನ್ನಬೇಡಿ. ಎರಡು ಬ್ಯಾಟರಿಗಳ ಇನ್ವರ್ಟರ್ ನಿಮ್ಮ ಮನೆಯಲ್ಲಿದ್ದರೆ ಅವೂ ಸಾಮಾನ್ಯವಾಗಿ ಸರಣಿಯಲ್ಲೇ ಇರುತ್ತವೆ. ಒಂದರಿಂದ ಮಾತ್ರ ತಂತಿ ಎಳೆದು 12 ವೋಲ್ಟಿನ ದೀಪ ಉರಿಸಿದರೂ, ಕೆಟ್ಟದ್ದೆಂದು ಒಂದನ್ನು ಮಾತ್ರ ಬದಲಿಸಿದರೂ ಮೇಲೆ ಹೇಳಿದ ಕಥೆಯೇ. ಬ್ಯಾಟರಿ ಇರುವ ಕಡೆ ಗಾಳಿಯಾಡಲಿ. ಗಾಳಿಯಲ್ಲಿ ಜಲಜನಕ ನೂರಕ್ಕೆ 4 ಭಾಗ ಸೇರಿದರೆ ಒಂದು ಕಿಡಿ ಸಾಕು. ಮಕ್ಕಳು ಹತ್ತಿರ ಹೋಗುವುದಾದರೆ ದೊಡ್ಡವರು ಜೊತೆಗಿರಬೇಕು.

ವಿದ್ಯಾರ್ಥಿಗಳೇ, ನಿಮಗೆ ಈ ವಾರದ ಕೆಲಸ ಇದು. ಮೂರು ಶುಷ್ಕಕೋಶಗಳ ಟಾರ್ಚು ಮಂಕಾಗಿದ್ದರೆ ಕೋಶಗಳನ್ನು ಹೊರತೆಗೆದು ಮಲ್ಟಿಮೀಟರಿನಿಂದ ಒಂದೊಂದಾಗಿ ಅಳೆಯಿರಿ, ಬರೆದಿಡಿ. ಮೂರೂ ಒಂದೇ ಸಮನಾಗಿ ಇಳಿದಿವೆಯೋ, ಒಂದೇ ಕೋಶ ಉಳಿದವನ್ನು ಕೆಡಿಸುತ್ತಿದೆಯೋ ಆಗ ತಿಳಿಯುತ್ತದೆ. ಮೊತ್ತವನ್ನಷ್ಟೇ ಅಳೆದರೆ ತಿಳಿಯುವುದಿಲ್ಲ.