ಬೆಚ್ಚೋದೆಲ್ಲಾ ದೃಷ್ಟಿಯಲ್ಲ ಕಣ್ರೀ

ನಮ್ಮ ಅರಸೀಕೆರೆ, ಬೇಲೂರು ಕಡೆ ಎಳೆಗೂಸು ಬೆಚ್ಚಿಬಿದ್ದಂಗೆ ಮಾಡಿದ್ರೆ ಮೊದಲು ಉಪ್ಪು ಮೆಣಸಿನಕಾಯಿ ನಿವಾಳಿಸ್ತೀವಿ. ಬಾಲಗ್ರಹ ಅಂತ ದಾರ ಕಟ್ಟಿಸ್ತೀವಿ. ನಿವಾಳಿಸಿ, ನಂದೇನೂ ತಕರಾರಿಲ್ಲ. ಆದ್ರೆ "ಬರೋ ಅಮಾವಾಸ್ಯೆ ಕಳೀಲಿ, ನೋಡಾನ" ಅಂತ ಕಾಯ್ತೀವಲ್ಲ, ಅದು ಬ್ಯಾಡ.

ಬಾಗಿಲು ಧಡ್ ಅಂದಾಗ ಬೆಚ್ಚೋ ಕೂಸು ಬೇರೆ. ಇನ್ನೊಂದು ಥರ ಐತೆ. ಸದ್ದಿಲ್ಲ ಗದ್ದಲವಿಲ್ಲ, ನಿದ್ದೆಯಿಂದ ಎದ್ದ ಕೂಡ್ಲೇ ಕತ್ತು ಬಗ್ಗಿಸಿ, ಎರಡೂ ಕೈ ಚಾಚಿ, ಮೈ ಮಡಿಸಿದಂಗೆ ಬಾಗ್ತದೆ. ಸ್ವಲ್ಪ ಸುಮ್ಮನಿದ್ದು ಮತ್ತೆ ಹಂಗೇ, ಸಾಲಾಗಿ ಹತ್ತಾರು ಸಲ. ನೋಡಿದೋರು "ಹೊಟ್ಟೆನೋವು, ಬಜೆ ತೇದು ನೆಕ್ಸು" ಅಂತಾರೆ. ಹೆಚ್ಚಾಗಿ 3ರಿಂದ 12 ತಿಂಗಳೊಳಗೆ ಶುರುವಾಗೋ ಈ ಸೆಳೆತಕ್ಕೆ ವೆಸ್ಟ್ ಸಿಂಡ್ರೋಮ್ ಅಂತ ಹೆಸರು. 1841ರಲ್ಲಿ ಇಂಗ್ಲೆಂಡಿನ ಡಾಕ್ಟರ್ ವೆಸ್ಟ್ ತನ್ನ ಸ್ವಂತ ಮಗನಲ್ಲೇ ಇದನ್ನ ಕಂಡು ಲ್ಯಾನ್ಸೆಟ್ ಪತ್ರಿಕೆಗೆ ಬರೆದಿದ್ದ. ಆಗ ಮದ್ದೇ ಇರಲಿಲ್ಲ, ಪಾಪ.

ಈಗ ಐತೆ. ಎಸಿಟಿಎಚ್ ಅನ್ನೋ ಹಾರ್ಮೋನ್ ಇಂಜೆಕ್ಷನ್, ಇಲ್ಲಾಂದ್ರೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್. ಎರಡನೇದು ಅಗ್ಗ, ಬಾಯಿಗೆ ಹಾಕೋದು. ಕೆಲವು ಕೂಸಿಗೆ ವಿಗಾಬಾಟ್ರಿನ್ ಕೊಡ್ತಾರೆ. ಹಾರ್ಮೋನ್ ಅಂದ ತಕ್ಷಣ "ಹೆಣ್ಣುಕೂಸು ಬೇಗ ದೊಡ್ಡೋಳಾಗ್ತಾಳೆ" ಅಂತ ಅಜ್ಜೀರು ಹೆದರಿಸ್ತಾರೆ. ಇದು ಆ ಹಾರ್ಮೋನ್ ಅಲ್ಲ ಕಣ್ರವ್ವ. ಎಸಿಟಿಎಚ್ ನಮ್ಮ ಮೆದುಳಿನ ಕೆಳಗಿನ ಗ್ರಂಥಿಯಲ್ಲೇ ಹುಟ್ಟಿ, ಮೂತ್ರಪಿಂಡದ ಮೇಲಿನ ಗ್ರಂಥಿಗೆ ಕೆಲಸ ಹೇಳೋದು.

ತೊಂದರೆ ಇಲ್ಲ ಅಂತಲ್ಲ. ಮುಖ ಊದ್ತದೆ, ಕೂಸು ರಚ್ಚೆ ಹಿಡೀತದೆ, ಬಿಪಿ ಏರಬೋದು, ಸೋಂಕು ಬೇಗ ತಗಲ್ತದೆ. ಅದಕ್ಕೇ ಡಾಕ್ಟರು ಕೆಲವೇ ವಾರ ಕೊಟ್ಟು, ಆಮೇಲೆ ಇಳಿಸ್ತಾ ಬರ್ತಾರೆ. ಊದಿದ ಮುಖ ನೋಡಲಾರದೆ ಮನೇಲೇ ಔಷಧಿ ನಿಲ್ಲಿಸೋದು ಮಾತ್ರ ಅಪಾಯ. ಊದಿದ್ದು ಇಳೀತದೆ. ಸೆಳೆತ ನಿಲ್ಲದೆ ಹೋದ್ರೆ ಕೂಸು ಕಲ್ತಿದ್ದ ನಗು, ಮುಖ ನೋಡೋದು, ಕತ್ತು ನಿಲ್ಸೋದು ಎಲ್ಲಾ ಹಿಂದಕ್ಕೆ ಹೋಗ್ತದೆ. ಎಲ್ಲಾ ಕೂಸಿಗೂ ಪೂರ್ತಿ ವಾಸಿಯಾಗ್ತದೆ ಅಂತ ನಾನು ಹೇಳಲ್ಲ, ಆದ್ರೆ ಬೇಗ ಶುರುಮಾಡಿದ್ರೆ ಆಸೆ ಜಾಸ್ತಿ.

ಮನೆಯೋರಿಗೆ ಹೇಳಿ ಒಪ್ಪಿಸೋಕೆ ಮೊಬೈಲು ಸಾಕು. ಕೂಸು ಹಂಗೆ ಮಾಡುವಾಗ ವಿಡಿಯೊ ತೆಗೀರಿ. ಆಸ್ಪತ್ರೆಗೆ ಹೋದಾಗ ಕೂಸು ನಗ್ತಾ ಕೂತಿರ್ತದೆ, ಡಾಕ್ಟರಿಗೆ ಏನು ಕಾಣ್ತದೆ? ಮಕ್ಕಳ ಡಾಕ್ಟರಿಗೆ ತೋರಿಸಿ, ತಲೆಗೆ ತಂತಿ ಅಂಟಿಸಿ ಮಾಡೋ ಇಇಜಿ ಬೇಕಾ ಕೇಳಿ. ಬೆಂಗಳೂರಿಗೆ ಬರೆದುಕೊಟ್ರೆ ನಿಮ್ಹಾನ್ಸ್ ಐತೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಐತೆ, ಅರಸೀಕೆರೆಯಿಂದ ರೈಲಿಗೇನು ಬರವಿಲ್ಲ. ತಾಯಿ ಕಾರ್ಡು ಮರೀಬೇಡಿ. ಸ್ಟೀರಾಯ್ಡ್ ನಡೀವಾಗ ದಡಾರ ಲಸಿಕೆಯಂಥ ಕೆಲವನ್ನ ಮುಂದಕ್ಕೆ ಹಾಕ್ತಾರೆ, ಅದನ್ನ ಆಶಾ ಅಕ್ಕನಿಗೂ ತಿಳಿಸಿ.